ಬೋಣಿ ಗಿರಾಕಿಯ ಮೇಲೆ ಕೇಸು

ಹಾರವಾಡದ ಹೊನ್ನು ಮೀನಿನ ಬುಟ್ಟಿ ಹೊತ್ತು ಒಮ್ಮೆ ಕೂಗು ಹಾಕಿದರೆ ಗೋವಾದ ಬೆಕ್ಕುಗಳು ಬಾಲ ನೆಟ್ಟಗೆ ಮಾಡಿಕೊಂಡು ದಕ್ಷಿಣಕ್ಕೆ ಹೊರಡುತ್ತಿದ್ದವು ಎಂದು ಹೇಳುವವರಿದ್ದಾರೆ. ಅಷ್ಟನ್ನು ನಂಬಬೇಕಾಗಿಲ್ಲ. ಮಾಜಾಳಿಯ ಬೆಕ್ಕುಗಳವರೆಗೆ ನಂಬಿದರೆ ಸಾಕು.

ಗಂಡ ನಾಗ ದೋಣಿಗೆ ಹೋಗುವವನು. ಅವನು ತಂದದ್ದನ್ನು, ಅವನ ಬಲೆ ಬರಿದಾದ ದಿನ ಬೇಲೆಕೇರಿ ಬಂದರಿನ ಹರಾಜಿನಲ್ಲಿ ಹಿಡಿದದ್ದನ್ನು ಬುಟ್ಟಿಗೆ ತುಂಬಿಕೊಂಡು ಹೊನ್ನು ಬೆಳಗಿನ ಮೊದಲ ಬಸ್ಸಿಗೆ ಅಮದಳ್ಳಿಗೆ ಬರುತ್ತಿದ್ದಳು. ಬುಟ್ಟಿಗೂ ಟಿಕೆಟ್ ತೆಗೆಯಬೇಕೆಂದು ಹೊಸ ಕಂಡಕ್ಟರ್ ಒಬ್ಬ ಹಟ ಹಿಡಿದಾಗ, “ತೆಗಿತೆ ತಮಾ. ಆದ್ರೆ ಅದ್ಕೆ ಕಿಟಕಿ ಬದಿ ಸೀಟೇ ಬೇಕು. ಬಂಗಡೆಗೆ ಗಾಳಿ ಇಲ್ದಿರೆ ವಾಂತಿ ಬರ್ತದೆ” ಎಂದಿದ್ದಳು. ಆ ಕಂಡಕ್ಟರ್ ಮುಂದಿನ ವಾರವೇ ಘಟ್ಟದ ಮೇಲಿನ ರೂಟು ಕೇಳಿ ಪಡೆದನಂತೆ.

ಹೊನ್ನುವಿಗೆ ಒಂದು ಚಟವಿತ್ತು. ಬೇರೆಯವರಿಗೆ ಎಲೆಯಡಿಕೆ ಇದ್ದಂತೆ ಇವಳಿಗೆ ಉಪಕಾರ ನೆನೆಯುವುದು. ಬಸ್ಸು ನಿಂತರೆ ಬಸ್ಸಿಗೆ ಕೈಮುಗಿಯುವಳು, ಮಳೆ ನಿಂತರೆ ಮಳೆಗೆ. ಬೆರಳು ಕಚ್ಚಿದ ಏಡಿಯನ್ನು ಸಹ, “ಒಂದೇ ಬೆರಳು ಹಿಡಿದೆ, ಪುಣ್ಯಾತ್ಮ” ಎಂದು ಹೇಳಿ ನೀರಿಗೆ ಬಿಟ್ಟವಳು. ಆ ಏಡಿ ನಾಚಿಕೊಂಡು ಅಡ್ಡಡ್ಡ ಹೋಗುವುದನ್ನು ಬಿಟ್ಟು ನೆಟ್ಟಗೆ ನಡೆದುಹೋಯಿತು ಎಂಬುದು ದುರ್ಗಿಯ ಸೇರ್ಪಡೆ. ದುರ್ಗಿ ಅವಳ ಪಕ್ಕದ ಮನೆಯವಳು, ಅದೇ ಬಸ್ಸಿಗೆ ಮೀನು ತರುವವಳು. ನಾಲಿಗೆಗೆ ಹರಿತ ಕೊಡಲು ಅವಳಿಗೆ ಮಸೆಗಲ್ಲು ಬೇಕಿರಲಿಲ್ಲ, ಹೊನ್ನು ಇದ್ದಳು.

ಮೀನು ಮಾರುವ ಹೆಂಗಸರಿಗೆ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಸಣ್ಣ ಮಾತಲ್ಲ. ಆ ದುಡ್ಡನ್ನು ಕಣ್ಣಿಗೊತ್ತಿಕೊಂಡು, ಬುಟ್ಟಿಗೆ ಮುಟ್ಟಿಸಿ, ಸೊಂಟಕ್ಕೆ ಸಿಕ್ಕಿಸಬೇಕು. ಬೋಣಿ ಮಾಡಿದ ಗಿರಾಕಿಯ ಮೇಲೆ ಹೊತ್ತು ಮುಳುಗುವವರೆಗೆ ಕೆಟ್ಟ ಮಾತು ಆಡಬಾರದು. ಆಡಿದರೆ ಬುಟ್ಟಿಯ ಮೀನು ಬುಟ್ಟಿಯಲ್ಲೇ ಮುಖ ತಿರುಗಿಸುತ್ತದೆ. ಹೊನ್ನುವಿನ ಬೋಣಿ ಅಮದಳ್ಳಿಯ ಹೆದ್ದಾರಿ ಬದಿಯ ತುಳಸಿದಾಸನ ಮನೆಯಲ್ಲಿ. ವರ್ಷಗಟ್ಟಲೆ ದಿನಾ ಬೆಳಗ್ಗೆ ಅವನೇ ಬೋಣಿ ಮಾಡುತ್ತಿದ್ದುದರಿಂದ, ಅವನ ಮೇಲೆ ಕೆಟ್ಟ ಮಾತು ಆಡಲು ಅವಳಿಗೆ ಉಳಿದದ್ದು ರಾತ್ರಿಗಳು ಮಾತ್ರ. ಆಗ ಅವಳು ನಿದ್ದೆ ಮಾಡುತ್ತಿದ್ದಳು.

ತುಳಸಿದಾಸ ಹುಟ್ಟಿದ ಮನೆ ಚೆಂಡಿಯಾದಲ್ಲಿತ್ತು. ಸರಕಾರ ಆ ಜಾಗವನ್ನು ನೌಕಾನೆಲೆಗೆ ತೆಗೆದುಕೊಂಡ ಮೇಲೆ ಹೆಂಡತಿ ಕಾಶಿಯನ್ನು ಕರೆದುಕೊಂಡು ಅಮದಳ್ಳಿಗೆ ಬಂದಿದ್ದ. ಕೈಗಾ ಸ್ಥಾವರದ ನೌಕರರನ್ನು ಕಾರವಾರದಿಂದ ಒಯ್ದು ತರುವ ಗುತ್ತಿಗೆ ಬಸ್ಸಿನ ಡ್ರೈವರ್. ಆ ಕಾಡುದಾರಿಯ ತಿರುವುಗಳು ಎಂಥವೆಂದರೆ, ಬಸ್ಸಿನ ಮುಂದಿನ ಸೀಟಿನವನು ಕಿಟಕಿಯಿಂದ ಕೈ ಚಾಚಿ ಹಿಂದಿನ ಸೀಟಿನವನಿಂದ ಬೆಂಕಿಪೆಟ್ಟಿಗೆ ಇಸಿದುಕೊಳ್ಳಬಹುದು. ಅಂಥ ದಾರಿಯಲ್ಲಿ ಹದಿನೈದು ವರ್ಷ ಓಡಿಸಿ ತುಳಸಿದಾಸ ಒಂದು ಕೋಳಿಮರಿಯನ್ನೂ ಮುಟ್ಟಿದವನಲ್ಲ. ಹಾವು ಅಡ್ಡ ಬಂದರೆ ಇಂಜಿನ್ ಬಂದ್ ಮಾಡಿ, ಬಾಲ ದಾಟುವವರೆಗೆ ಕಾಯುವವನು. ಬಸ್ಸಿನೊಳಗಿನವರು ಒಂದು ನಿದ್ದೆ ಮುಗಿಸಿ ಎದ್ದರೂ ದಾಟಿ ಮುಗಿಯದಷ್ಟು ಉದ್ದದ ಹಾವುಗಳು ಆಗ ಇದ್ದವು.

ಅವನ ಬಸ್ಸನ್ನು ಹಿಂದಕ್ಕೆ ಬಿಡಬೇಕಾದಾಗ ಕ್ಲೀನರ್ ಕೆಳಗಿಳಿದು ಬಸ್ಸಿನ ಮೈ ತಟ್ಟುತ್ತಿದ್ದ. ಎರಡು ಸಲ ತಟ್ಟಿದರೆ ಬರಲಿ, ಒಂದು ಸಲ ಜೋರಾಗಿ ಹೊಡೆದರೆ ನಿಲ್ಲು. ತುಳಸಿದಾಸ ಹಿಂದೆ ನೋಡುತ್ತಿರಲಿಲ್ಲ, ಕಿವಿಗೊಟ್ಟು ಬಿಡುತ್ತಿದ್ದ. ಬಸ್ಸಿಗೆ ಅದು ಸರಿ. ಆದರೆ ಮನೆಯಿಂದ ಕಾರವಾರದವರೆಗೆ ಹೋಗಲು ಅವನು ಒಂದು ಹಳೆಯ ಮಾರುತಿ ಓಮ್ನಿ ಇಟ್ಟುಕೊಂಡಿದ್ದ. ಅದಕ್ಕೆ ಕ್ಲೀನರ್ ಇರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲ ಮುಗಿದ ಹೊಸತು. ಆ ಬೆಳಗ್ಗೆ ತುಳಸಿದಾಸನಿಗೆ ತಡವಾಗಿತ್ತು. ಬಂಗಡೆ ಕೊಂಡು, ಬೋಣಿಯ ನೋಟು ಕೊಟ್ಟು, ಓಮ್ನಿ ಹತ್ತಿದ. ಹೊನ್ನು ನೋಟನ್ನು ಕಣ್ಣಿಗೊತ್ತಿಕೊಂಡು ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಕುಳಿತು, ಬುಟ್ಟಿಯ ನೀರು ಬಸಿಯಲೆಂದು ಅದರ ತಳವನ್ನು ತಟ್ಟಿದಳು. ಎರಡು ಸಲ.

ಓಮ್ನಿ ಹಿಂದಕ್ಕೆ ಬಂತು.

ಮುಂದಿನದೆಲ್ಲ ಒಂದು ಕ್ಷಣದ ಮಾತು. ಹೊನ್ನುವಿನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಅವಳು ಹಾಕಿದ ಕೂಗಿಗೆ ಅರಬ್ಬಿ ಸಮುದ್ರ ಒಂದು ಹೆಜ್ಜೆ ಹಿಂದೆ ಸರಿಯಿತು ಎನ್ನುತ್ತಾರೆ. ತುಳಸಿದಾಸ ಇಳಿದು ಬಂದವನು ರಸ್ತೆಯ ಮೇಲೆಯೇ ಕುಕ್ಕರಿಸಿದ. ಕಾಶಿ ಒಳಗಿನಿಂದ ಓಡಿಬಂದು, ಗಂಡನಿಗೆ ಎರಡು ಮಾತು ಬೈದು, ಹಗ್ಗದ ಮಂಚದ ಮೇಲಿನ ಕಂಬಳಿ ತಂದಳು. ಇಬ್ಬರೂ ಸೇರಿ ಹೊನ್ನುವನ್ನು ಅದೇ ಗಾಡಿಯಲ್ಲಿ ಮಲಗಿಸಿದರು. ಆಸ್ಪತ್ರೆಯವರೆಗೆ ತುಳಸಿದಾಸ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವರು ಹಾರ್ನ್ ಹೊಡೆದು ಮುಂದೆ ಹೋದರು.

ಆಸ್ಪತ್ರೆಯಲ್ಲಿ ಡಾಕ್ಟರು ಪುಸ್ತಕ ತೆರೆದು, “ಹೇಗಾಯಿತು?” ಎಂದು ಕೇಳಿದರು.

ತುಳಸಿದಾಸ ಬಾಯಿ ತೆರೆದ. ಅವನ ಮುಖ ಒಣಗಿದ ತಾರ್ಲೆ ಮೀನಿನ ಹಾಗಾಗಿತ್ತು. ಹೊನ್ನುವಿಗೆ ಆ ನೋವಿನಲ್ಲೂ ಎರಡು ಸಂಗತಿ ಹೊಳೆದವು. ಪೊಲೀಸರಿಗೆ ತಿಳಿದರೆ ಇವನ ಲೈಸೆನ್ಸು ಹೋಗುತ್ತದೆ, ಬಸ್ಸು ಹೋಗುತ್ತದೆ. ಮತ್ತು ಇವತ್ತು ಬೋಣಿ ಮಾಡಿದವನು ಇವನೇ, ಹೊತ್ತು ಇನ್ನೂ ಮುಳುಗಿಲ್ಲ.

“ಬಿದ್ದೆ ರಾ,” ಎಂದಳು. “ಇವ್ರ ಮನೆ ಮೆಟ್ಲಿಂದ ಬಿದ್ದೆ.”

“ಎಷ್ಟು ಮೆಟ್ಟಿಲು?”

“ಒಂದೇ.”

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. “ಒಂದು ಮೆಟ್ಟಿಲಿನಿಂದ ಬಿದ್ದು ಎರಡು ಕಡೆ ಮುರಿದುಕೊಂಡಿರಾ?”

“ದೊಡ್ಡ ಮೆಟ್ಲು ರಾ.”

ಅವಳು ಹೇಳಿದ್ದನ್ನೇ ಅವರು ಬರೆದುಕೊಂಡರು. ತುಳಸಿದಾಸನ ಬಾಯಿ ಇನ್ನೂ ತೆರೆದೇ ಇತ್ತು. ಅದರಿಂದ ಒಂದು ಮಾತೂ ಬರಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿದರು. ಹೊನ್ನು ಡಾಕ್ಟರಿಗೆ ಕೈಮುಗಿದಳು, ನರ್ಸಿಗೆ ಕೈಮುಗಿದಳು, ಬಲಗಾಲನ್ನು ಬಿಟ್ಟ ಓಮ್ನಿಗೂ ಮನಸ್ಸಿನಲ್ಲೇ ಮುಗಿದಳು. ತುಳಸಿದಾಸ ಔಷಧದ ಖರ್ಚು ಕೊಟ್ಟ. ಕಾಶಿ ವಾರಕ್ಕೊಮ್ಮೆ ಹಾರವಾಡಕ್ಕೆ ಬಂದು ಮೀನಿನ ಸಾರು ಕೊಟ್ಟು ಹೋಗುತ್ತಿದ್ದಳು. ಮೀನುಗಾರರ ಕೇರಿಗೆ ಹೊರಗಿನಿಂದ ಮೀನಿನ ಸಾರು ಬಂದದ್ದು ಅದೇ ಮೊದಲು. ಕೇರಿಯ ನಾಯಿಗಳಿಗೂ ಅದು ವಿಚಿತ್ರವಾಗಿ ಕಂಡು, ದಾರಿ ಬಿಟ್ಟು ನಿಂತು ನೋಡುತ್ತಿದ್ದವು.

ಪ್ಲಾಸ್ಟರ್ ತೆಗೆದಾಗ ಕಾಲು ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಒಂದಿಷ್ಟು ಗಿಡ್ಡವೂ ಆಗಿತ್ತು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಮೀನೆಲ್ಲ ಎಡಕ್ಕೆ ಜಾರುತ್ತಿತ್ತು. ಡಾಕ್ಟರು ನೇರವಾಗಿ ಹೇಳಿದರು: ಹುಬ್ಬಳ್ಳಿಯಂಥ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಎಲುಬನ್ನು ಬಿಡಿಸಿ, ನೆಟ್ಟಗೆ ಮಾಡಿ, ಒಳಗೆ ಸರಳು ಕೂರಿಸಬೇಕು. ಅದಾದರೆ ಮೊದಲಿನ ಹಾಗೆ ನಡೆಯಬಹುದು. ಇಲ್ಲವಾದರೆ ತಲೆಹೊರೆ ಇನ್ನು ಮರೆಯಬೇಕು. ಅಷ್ಟು ಖರ್ಚು ನಾಗ ಸಮುದ್ರವನ್ನೇ ಮಾರಿದರೂ ಹುಟ್ಟುವಂತಿರಲಿಲ್ಲ. ತುಳಸಿದಾಸನಿಂದ ಇನ್ನೂ ಕೇಳಲು ಹೊನ್ನುವಿಗೆ ಬಾಯಿ ಬರಲಿಲ್ಲ.

ಅಂಗಳದಲ್ಲಿ ಕುಳಿತು ಬೇರೆಯವರ ಒಣಮೀನಿಗೆ ಕಾಗೆ ಕಾಯುವುದೇ ಅವಳ ಕೆಲಸವಾಯಿತು. ಹೊನ್ನುವಿನ ಗಿರಾಕಿಗಳ ಮನೆಗಳಿಗೆ ಈಗ ದುರ್ಗಿ ಮೀನು ಕೊಡುತ್ತಿದ್ದಳು. ಬರುವಾಗ ಒಂದಿಷ್ಟು ತಾರ್ಲೆ ಹೊನ್ನುವಿನ ಅಡುಗೆಮನೆಯಲ್ಲಿ ಚೆಲ್ಲಿ, ಅದರ ಮೇಲೆ ನಾಲ್ಕು ಬೈಗುಳ ಉದುರಿಸಿ ಹೋಗುತ್ತಿದ್ದಳು.

“ನಿನ್ನ ಕಾಲು ಮುರಿದೋರ ಮನೆ ಬಾಗ್ಲಲ್ಲಿ ದಿನಾ ನಾ ಮೀನು ಕೊಡ್ತೆ. ಕೇಸ್ ಹಾಕೆ ಮಾರಾಯ್ತಿ.”

“ಬೋಣಿ ಮಾಡ್ದೋರ ಮೇನೆ ಕೇಸ್ ಹಾಕೂಕೆ ಆಗ್ತದ್ಯಾ? ನನ್ನ ಎತ್ಕಂಡು ಆಸ್ಪತ್ರಿಗೆ ಒಯ್ದೋರು ಅವ್ರೇಯ.”

“ಕೆಡವಿದೋರೂ ಅವ್ರೇಯ.”

“ಬಿಟ್ಟು ಓಡಿ ಹೋಗ್ಲಿಲ್ಲ ಅಲಾ.”

“ಹೌದೌದು. ಹಂಗಾರೆ ಬಲಗಾಲೂ ಕೊಟ್ಟು ಬಾ, ಇನ್ನೊಂದ್ ಸಲ ಎತ್ಕಂಡು ಒಯ್ತ್ರು.”

ಆ ಚಳಿಗಾಲದಲ್ಲಿ ಅಮದಳ್ಳಿಯ ಶಾಲೆಯಲ್ಲಿ ಕಾನೂನು ತಿಳಿಸುವ ಶಿಬಿರವೊಂದು ನಡೆಯಿತು. ಕಾರವಾರದ ಕೋರ್ಟಿನಿಂದ ಮಂದಾಕಿನಿ ಎಂಬ ವಕೀಲರು ಬಂದಿದ್ದರು. ದುರ್ಗಿ ಹೋದದ್ದು ಪುಕ್ಕಟೆ ಚಹಾಕ್ಕೆ. ಬುಟ್ಟಿಯನ್ನು ಹೊರಗಿಟ್ಟರೆ ಬೆಕ್ಕಿನ ಕಾಟ ಎಂದು ಒಳಗೇ ತಂದಳು. ಅವಳ ಸುತ್ತ ನಾಲ್ಕು ಸಾಲು ತಾವಾಗಿಯೇ ಖಾಲಿಯಾದವು. ಹಾಗಾಗಿ ವಕೀಲರ ಎದುರಿಗೆ ದುರ್ಗಿ ಒಬ್ಬಳೇ ಕಂಡಳು.

ಮಂದಾಕಿನಿ ರಸ್ತೆ ಅಪಘಾತದ ವಿಷಯ ಹೇಳುತ್ತಿದ್ದರು. ಗಾಡಿಯ ನಂಬರು ಬರೆದುಕೊಳ್ಳಬೇಕು, ನೋಡಿದವರ ಹೆಸರು ಕೇಳಿಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿ ಆದದ್ದನ್ನು ಆದ ಹಾಗೇ ಹೇಳಬೇಕು. ಠಾಣೆಯಲ್ಲಿ ದೂರು ಕೊಟ್ಟು ಅದರ ನಕಲು ಪುಕ್ಕಟೆ ಕೇಳಿ ಪಡೆಯಬೇಕು, ಔಷಧದ ಚೀಟಿ ಒಂದನ್ನೂ ಎಸೆಯಬಾರದು.

“ಆಯ್ತು ಬಾಯೋರೆ,” ದುರ್ಗಿ ಕುಳಿತಲ್ಲಿಂದಲೇ ಕೇಳಿದಳು, “ಗುದ್ದಿದೋರು ಪಾಪದೋರಾದ್ರೆ? ಅವ್ರ ಮನೆಮಾರು ಮಾರಿಸಿ ಕೊಡಿಸ್ತ್ರ್ಯಾ?”

“ಗಾಡಿಗೆ ವಿಮೆ ಇದ್ದರೆ ಅವರು ಕೊಡುವುದಲ್ಲ. ವಿಮಾ ಕಂಪನಿ ಕೊಡುತ್ತದೆ. ರಸ್ತೆಯಲ್ಲಿ ಪೆಟ್ಟಾದ ಮೂರನೆಯವರಿಗೆ ಅಂತಲೇ ಗಾಡಿಯವರು ವರ್ಷ ವರ್ಷ ಕಟ್ಟುತ್ತಾರೆ. ಕಟ್ಟದೆ ಗಾಡಿ ರಸ್ತೆಗಿಳಿಸುವ ಹಾಗೇ ಇಲ್ಲ.”

“ಕೇಸ್ ನಡೆಸೂಕೆ ವಕೀಲ್ರಿಗೆ ಕೊಡೂಕೆ ಇಲ್ದಿರೆ?”

“ಹೆಂಗಸರಿಗೆ ಕಾನೂನು ಸೇವೆಯಿಂದ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಕಾರವಾರದ ಕೋರ್ಟಿಗೆ ಬಂದು ಅರ್ಜಿ ಕೊಟ್ಟರಾಯಿತು. ಯಾರಿಗೆ ಪೆಟ್ಟಾಗಿದ್ದು?”

ದುರ್ಗಿ ಚಹಾ ಕುಡಿಯದೆ ಎದ್ದು ಹೋದಳು. ಅವಳ ಆಯುಷ್ಯದಲ್ಲಿ ಹಾಗೆ ಮತ್ತೊಮ್ಮೆ ಆಗಿಲ್ಲ.

ಎರಡು ದಿನ ಬೈದು, ಮೂರನೆಯ ದಿನ ಹೊನ್ನುವನ್ನು ಕಾರವಾರಕ್ಕೆ ಎಳೆದು ತಂದಳು. ಮಂದಾಕಿನಿ ಕುರ್ಚಿ ಕೊಟ್ಟು ಕೂರಿಸಿ ಎಲ್ಲವನ್ನೂ ಕೇಳಿದರು. ಮೆಟ್ಟಿಲಿನ ಕತೆ ಬಂದಾಗ ಪೆನ್ನು ನಿಂತಿತು.

“ಬಿದ್ದೆ ಅಂತ ನೀವೇ ಬರೆಸಿದ್ದೀರಾ ಹೊನ್ನಕ್ಕ?”

“ಹೌದ್ರಾ ಬಾಯೋರೆ.”

“ಕಂಪನಿಯವರು ಮೊದಲು ಹಿಡಿಯುವುದು ಅದನ್ನೇ. ಪೊಲೀಸು ದೂರೂ ಇಲ್ಲ. ತಡವಾಯಿತು ಅಂತ ದಾರಿ ಮುಚ್ಚಿಲ್ಲ, ಯಾಕೆ ತಡ ಅಂತ ನಿಜ ಹೇಳಿದರೆ ಕೇಳುತ್ತಾರೆ. ಆದರೆ ನಿಮ್ಮ ಮಾತೊಂದೇ ಸಾಲದು. ಗಾಡಿಯವರು ಬಂದು ಹೌದು ನನ್ನಿಂದ ಆಯಿತು ಅಂತ ಒಪ್ಪಬೇಕು. ಒಪ್ಪಿದರೆ ಅವರ ಮೇಲೆ ಪೊಲೀಸು ಕೇಸು ಆಗುತ್ತದೆ. ಸಾಮಾನ್ಯವಾಗಿ ದಂಡದಲ್ಲಿ ಮುಗಿಯಬಹುದು, ಆದರೆ ನಾನು ಖಾತ್ರಿ ಕೊಡಲಾರೆ. ನೀವು ಕೇಳಿ ನೋಡುತ್ತೀರಾ?”

ಹೊನ್ನು ತಲೆ ಅಲ್ಲಾಡಿಸಿದಳು. “ನನ್ನ ಕಾಲು ಹೋಗಿದ್ದು ಹೋಯ್ತು. ಅವ್ರ ಕೈಯಿಂದ ಸ್ಟೇರಿಂಗ್ ಕಸಿಯೂಕೆ ನಾ ಹೋಗೂದಿಲ್ಲ.”

ಬಸ್ಸಿನಲ್ಲಿ ಹಿಂದಿರುಗುವಾಗ ದುರ್ಗಿ ಒಂದೂ ಮಾತಾಡಲಿಲ್ಲ. ಹೊನ್ನುವಿಗೆ ಅದು ಕಾಲು ನೋವಿಗಿಂತ ಹೆಚ್ಚು ಭಯ ತಂದಿತು.

ಮಾರನೆಯ ಬೆಳಗ್ಗೆ ದುರ್ಗಿ ತುಳಸಿದಾಸನ ಗೇಟಿನ ಮುಂದೆ ಬುಟ್ಟಿ ಇಳಿಸಿ, ಬೋಣಿ ಆಗುವ ಮೊದಲೇ, ಹೇಳುವುದನ್ನೆಲ್ಲ ಹೇಳಿದಳು. ಬೋಣಿಯ ಮುಂಚೆ ಆಡಿದ ಮಾತಿಗೆ ದೋಷವಿಲ್ಲ ಎಂಬುದು ಅವಳ ಲೆಕ್ಕ. ಅವಳು ಪಿಸುಗುಟ್ಟಿದರೆ ಅವರ್ಸದವರೆಗೆ ಕೇಳುತ್ತದೆ, ಅವತ್ತು ಅವಳು ಪಿಸುಗುಟ್ಟಲಿಲ್ಲ. ಹೆದ್ದಾರಿಯ ಲಾರಿಗಳು ತಮಗೇ ಬೈದರೇನೋ ಎಂದು ಎಡಕ್ಕೆ ತೆಗೆದುಕೊಂಡವು. ಆಪರೇಶನ್ನು, ವಿಮೆ, ವಕೀಲರ ಮಾತು, ಹೊನ್ನು ತಲೆ ಅಲ್ಲಾಡಿಸಿ ಬಂದದ್ದು, ಎಲ್ಲವನ್ನೂ ಹೇಳಿ ಮುಗಿಸಿ, “ಈಗ ಹೇಳಿ, ಬಂಗಡೆ ಬೇಕ್ರಾ?” ಎಂದಳು.

ತುಳಸಿದಾಸ ಮೀನು ತೆಗೆದುಕೊಳ್ಳದೆ ಒಳಗೆ ಹೋದ. ಆ ದಿನ ಬಸ್ಸಿಗೂ ಹೋಗಲಿಲ್ಲ. ಸಂಜೆ ಕಾಶಿಯನ್ನು ಕರೆದುಕೊಂಡು ಹಾರವಾಡಕ್ಕೆ ಬಂದ. ಹೊನ್ನು ಅಂಗಳದಲ್ಲಿ ಕಾಗೆ ಕಾಯುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕುಳಿತ.

“ಹೊನ್ನಕ್ಕ, ಆಸ್ಪತ್ರೆಲಿ ನೀ ಬಿದ್ದೆ ಅಂದಾಗ ನಂಗೆ ಜೀವ ಬಂತು. ಖುಷಿಯಾಯ್ತು. ಆಮೇಲೆ ನನ್ನ ಮುಖ ನಾನೇ ನೋಡೂಕೆ ಆಗ್ಲಿಲ್ಲ.”

“ಇರ್ಲಿ ತುಳಸಿದಾಸಣ್ಣ.”

“ಇರ್ಲಿ ಅಂದ್ರೆ ಇರೂದಿಲ್ಲ. ರಿಟೈರ್ ಆಗೂಕೆ ಎರಡು ವರ್ಷ ಅದೆ, ಅಲ್ಲಿವರೆಗೆ ಬಾಯಿ ಮುಚ್ಕಂಡು ಇದ್ರಾಯ್ತು ಅಂದ್ಕಂಡೆ. ನೀ ನಂಗಾಗಿ ಬಾಯಿ ಮುಚ್ಕಂಡೆ. ನಾ ಯಾರಿಗಾಗಿ ಮುಚ್ಕಂಡೆ ಹೇಳು?”

ಹೊನ್ನು ಏನಾದರೂ ಸಮಾಧಾನ ಹೇಳುವಷ್ಟರಲ್ಲಿ ಕಾಶಿ ಮಾತು ತೆಗೆದಳು. “ಹೊನ್ನಕ್ಕ, ಈ ಮನುಷ್ಯ ವರ್ಷ ವರ್ಷ ಆ ಕಂಪನಿಗೆ ಕಟ್ತಾರೆ. ಅವರು ಇಷ್ಟು ವರ್ಷಕ್ಕೆ ನಮಗೆ ಕೊಟ್ಟಿದ್ದು ಒಂದು ಕ್ಯಾಲೆಂಡರ್. ಅದರಲ್ಲೂ ಸಂಕಷ್ಟಿ ತಪ್ಪು ಹಾಕಿದ್ರು. ನಿನ್ನ ಕಾಲಾದ್ರೂ ಮಾಡಿಸಲಿ, ಸುಮ್ನಿರು.”

ಹೀಗೆ ಹೊನ್ನು ಮತ್ತು ತುಳಸಿದಾಸ ಒಟ್ಟಿಗೆ, ಅದೇ ಓಮ್ನಿಯಲ್ಲಿ, ಪೊಲೀಸ್ ಠಾಣೆಗೆ ಹೋದರು. ಗಾಡಿ ಹಿಂದಕ್ಕೆ ಬಿಡುವಾಗ ಕಾಶಿ ಇಳಿದು ನಿಂತು ಕೈ ತೋರಿಸಿದಳು.

ಠಾಣೆಯ ಸಾಹೇಬರಿಗೆ ಅಂಥ ದೂರು ಅವರ ನೌಕರಿಯಲ್ಲೇ ಬಂದಿರಲಿಲ್ಲ.

“ತಪ್ಪು ನಂದು ಸಾಹೇಬ್ರೆ,” ಎಂದ ತುಳಸಿದಾಸ. “ಹಿಂದೆ ನೋಡ್ಲಿಲ್ಲ.”

“ನಂದೂ ಅದೆ ರಾ,” ಎಂದಳು ಹೊನ್ನು. “ಗಾಡಿ ಹಿಂದೆ ಕೂತ್ಕಂಡಿದ್ದು ನಾನೇಯ. ಬುಟ್ಟಿ ತಟ್ಟಿದ್ದೂ ನಾನೇಯ.”

“ಬುಟ್ಟಿ ಯಾರು ಬೇಕಾರೂ ತಟ್ಟಬಹುದು. ನಾ ನೋಡ್ಬೇಕಿತ್ತು.”

“ಅವ್ರಿಗೆ ಅವಸರ ಇತ್ತು ರಾ, ಕೈಗಾ ಬಸ್ಸು.”

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. “ಇಬ್ಬರೂ ಹೊರಗೆ ಹೋಗಿ, ಆರೋಪಿ ಯಾರು ಅಂತ ತೀರ್ಮಾನ ಮಾಡಿಕೊಂಡು ಬನ್ನಿ.”

ಸುದ್ದಿ ತಿಳಿದು ಬಂದು ಹೊರಗೆ ಕಾಯುತ್ತಿದ್ದ ಮಂದಾಕಿನಿ ಹೊನ್ನುವನ್ನು ಬದಿಗೆ ಕರೆದರು. “ಹೊನ್ನಕ್ಕ, ಆದದ್ದನ್ನು ಹೇಳಿ, ಬುಟ್ಟಿ ತಟ್ಟಿದ್ದನ್ನೂ ಹೇಳಿ. ಅದು ಯಾರ ತಪ್ಪು ಅಂತ ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ನೀವು ಅರ್ಧ ತಪ್ಪು ನಿಮ್ಮದು ಅಂದರೆ ಕಂಪನಿ ಅರ್ಧ ಪರಿಹಾರ ಕಡಿಯುತ್ತದೆ, ಆಮೇಲೆ ಅರ್ಧ ಕಾಲು ಮಾತ್ರ ಆಪರೇಶನ್ ಮಾಡಿಸಬೇಕಾಗುತ್ತದೆ. ತಲೆಹೊರೆ ರೂಢಿ ಇದೆ ಅಂತ ಎಲ್ಲರ ಹೊರೆಯನ್ನೂ ಇಟ್ಟುಕೊಳ್ಳಬೇಡಿ.”

ಹೊನ್ನುವಿಗೆ ಅದು ನಾಟಿತು. ಒಳಗೆ ಹೋಗಿ ಆದದ್ದನ್ನಷ್ಟೇ ಹೇಳಿದಳು. ಪೊಲೀಸರು ಜಾಗ ನೋಡಿ ಪಂಚನಾಮೆ ಮಾಡಿದರು. ಓಮ್ನಿಯ ಹಿಂಬದಿಯ ನಗ್ಗು ಹಾಗೆಯೇ ಇತ್ತು. ತುಳಸಿದಾಸ ನಾಚಿಕೆಯಿಂದ ಅದನ್ನು ಸರಿ ಮಾಡಿಸಿರಲಿಲ್ಲ. ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ದಂಡ ಕಟ್ಟಿದ. ಬಸ್ಸಿನ ಗುತ್ತಿಗೆದಾರ ಅವನನ್ನು ಕೆಲವು ಕಾಲ ಗ್ಯಾರೇಜಿನಲ್ಲಿ ಕೂರಿಸಿದ. ಬದಲಿಗೆ ಬಂದ ಡ್ರೈವರ್ ಓಡಿಸಿದ ಬಸ್ಸಿನಲ್ಲಿ ಕೈಗಾದ ನೌಕರರು ಎಷ್ಟು ದೇವರಿಗೆ ಹರಕೆ ಹೊತ್ತರೆಂದರೆ, ಜಿಲ್ಲೆಯಲ್ಲಿ ತೆಂಗಿನಕಾಯಿಗೆ ಬರ ಬಂತು. ಗುತ್ತಿಗೆದಾರ ತುಳಸಿದಾಸನನ್ನು ತಾನೇ ಬಂದು ಕರೆದುಕೊಂಡು ಹೋದ.

ಪರಿಹಾರದ ಅರ್ಜಿ ಕಾರವಾರದ ನ್ಯಾಯಮಂಡಳಿಯ ಮುಂದೆ ಬಂತು. ವಾಯಿದೆಗಳು ಒಂದರ ಬೆನ್ನಿಗೆ ಒಂದು ಬಂದವು. ಮಳೆಗಾಲ ಬಂದು ಹೋಗಿ ಮತ್ತೆ ಬಂತು. ಹೊನ್ನು ಕೋಲೂರಿಕೊಂಡು ಹೋಗಿ ಬರುತ್ತಿದ್ದಳು.

ಕಡೆಗೆ ಅವಳನ್ನು ಕಟಕಟೆಗೆ ಕರೆದರು. ಕಂಪನಿಯ ವಕೀಲರು ಸಣಕಲು ಮನುಷ್ಯ, ಮೃದು ಮಾತು. ಬಲೆಯನ್ನು ಸದ್ದಿಲ್ಲದೆ ಬಿಡುವವರ ಹಾಗೆ ಶುರು ಮಾಡಿದರು.

“ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ ಅಂತ ಹೇಳಿದವರು ನೀವೇ ಅಲ್ಲವೇ?”

“ನಾನೇ ರಾ.”

“ಅದು ಸುಳ್ಳೋ?”

“ಸುಳ್ಳೇಯ.”

“ಅವತ್ತು ಸುಳ್ಳು ಹೇಳಿದವರು ಇವತ್ತು ನಿಜ ಹೇಳುತ್ತೀರಿ ಅಂತ ಕೋರ್ಟು ಹೇಗೆ ನಂಬಬೇಕು?”

ಹೊನ್ನು ಕೋಲನ್ನು ಕಟಕಟೆಗೆ ಒರಗಿಸಿಟ್ಟಳು. ಅಷ್ಟರಲ್ಲಿ ದುರ್ಗಿ ಹಿಂದಿನ ಬೆಂಚಿನಲ್ಲಿ ತನ್ನ ಸೆರಗನ್ನು ಅರ್ಧ ತಿಂದು ಮುಗಿಸಿದ್ದಳು.

“ಅವತ್ತು ಬೋಣಿ ಆಗಿತ್ತು ರಾ,” ಎಂದಳು ಹೊನ್ನು.

ನ್ಯಾಯಾಧೀಶರು ಬಯಲುಸೀಮೆಯ ಕಡೆಯವರು. ತಲೆ ಎತ್ತಿದರು. “ಬೋಣಿ ಆದರೆ ಏನಮ್ಮ?”

ಹೊನ್ನು ಹೇಳಿದಳು. ನೋಟು ಕಣ್ಣಿಗೊತ್ತಿಕೊಳ್ಳುವುದು, ಹೊತ್ತು ಮುಳುಗುವವರೆಗೆ ನಾಲಿಗೆ ಕಾಯುವುದು, ತುಳಸಿದಾಸಣ್ಣನ ಮುಖ ಆ ದಿನ ಹೇಗಾಗಿತ್ತು ಎಂಬುದು. “ನಾ ಹೇಳಿದ್ದು ತಪ್ಪೇ ಸ್ವಾಮಿ. ಡಾಕ್ಟ್ರ ಹತ್ರ ಸುಳ್ಳು ಹೇಳೂಕಾಗ. ಆದ್ರೆ ನಂಗೆ ಲಾಭ ಆಗ್ಲಿ ಹೇಳಿ ಹೇಳಿದ ಸುಳ್ಳಲ್ಲ ಅದು. ಅದ್ರಿಂದ ನಂಗೆ ಸಿಕ್ಕಿದ್ದು ಈ ಸೊಟ್ಟ ಕಾಲು.”

ಟೈಪಿಸ್ಟರ ಕೈ ನಿಂತಿತ್ತು. ನ್ಯಾಯಾಧೀಶರು ಅದನ್ನು ಗಮನಿಸಿ, “ಬರೆದುಕೊಳ್ಳಿ” ಎಂದರು.

“ಬುಟ್ಟಿ ತಟ್ಟಿದ್ದು ನೀವೇ. ಅಂದರೆ ಗಾಡಿಗೆ ಹಿಂದೆ ಬಾ ಅಂತ ಸೂಚನೆ ಕೊಟ್ಟವರೇ ನೀವು,” ವಕೀಲರು ಇನ್ನೊಂದು ಬಲೆ ಬಿಟ್ಟರು.

ಹೊನ್ನುವಿನ ನಾಲಿಗೆಯ ತುದಿಗೆ ಹಳೆಯ ಉಪಕಾರಬುದ್ಧಿ ಬಂದು ಕುಳಿತಿತು. ಹೌದ್ರಾ, ನಂದೇ ತಪ್ಪು ಎಂದುಬಿಡಬೇಕು ಅನ್ನುವಷ್ಟರಲ್ಲಿ ತಡೆದುಕೊಂಡಳು. “ತಟ್ಟಿದೆ ರಾ. ನನ್ನ ಬುಟ್ಟಿ ತಟ್ಟಿದೆ, ನೀರು ಬಸಿಯೂಕೆ. ಅವ್ರ ಗಾಡಿ ಮುಟ್ಲಿಲ್ಲ.”

ಆಮೇಲೆ ತುಳಸಿದಾಸ ಬಂದು ನಿಂತ. ಅವನನ್ನು ಹೆಚ್ಚು ಕೇಳುವ ಅಗತ್ಯವೇ ಬೀಳಲಿಲ್ಲ. “ಹದಿನೈದು ವರ್ಷ ಕ್ಲೀನರ್ ನಂಗೆ ಕಣ್ಣಾಗಿದ್ದ. ಅವತ್ತು ನನ್ನ ಕಣ್ಣು ನಾನೇ ಬಳಸಬೇಕಿತ್ತು, ಬಳಸಲಿಲ್ಲ. ಹೊನ್ನಕ್ಕ ಸುಳ್ಳು ಹೇಳಿದ್ದು ನನ್ನ ಉಳಿಸೂಕೆ. ನಾನು ಸುಮ್ಮನಿದ್ದಿದ್ದೂ ನನ್ನ ಉಳಿಸೂಕೇ,” ಎಂದು ಹೇಳಿ ಇಳಿದ.

ಕಂಪನಿಯ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಕಂಪನಿಗೆ ಅವರು ಏನು ಬರೆದರೋ, ಮುಂದಿನ ಲೋಕ ಅದಾಲತ್ತಿನಲ್ಲಿ ಈ ಕೇಸನ್ನು ರಾಜಿಯಲ್ಲಿ ಮುಗಿಸೋಣ ಎಂಬ ಒಪ್ಪಿಗೆ ಬಂತು. ಮಂದಾಕಿನಿ ಹೊನ್ನುವಿಗೆ ಬಿಡಿಸಿ ಹೇಳಿದರು: ಇಲ್ಲಿ ಒಪ್ಪಿದರೆ ಮೇಲಿನ ಕೋರ್ಟಿಗೆ ಅವರೂ ಹೋಗುವ ಹಾಗಿಲ್ಲ, ನಾವೂ ಹೋಗುವ ಹಾಗಿಲ್ಲ. ಸ್ವಲ್ಪ ಕಡಿಮೆ ಸಿಗಬಹುದು, ಆದರೆ ಬೇಗ ಸಿಗುತ್ತದೆ. ಆಪರೇಶನ್ನಿಗೆ ಸಾಕಾಗಿ, ನೀವು ಮನೆಯಲ್ಲಿ ಕುಳಿತ ದಿನಗಳಿಗೂ ಒಂದಿಷ್ಟು ಉಳಿಯುತ್ತದೆ. ಬೇಡ ಅನ್ನುವ ಹಕ್ಕೂ ನಿಮಗಿದೆ.

ಹೊನ್ನು ನಾಗನ ಮುಖ ನೋಡಿದಳು. ಅವನು, “ಕಾಲು ನಿಂದು. ನೀನೇ ಹೇಳು” ಎಂದ. ಅವಳು ಒಪ್ಪಿಕೊಂಡಳು.

ಹುಬ್ಬಳ್ಳಿಯಲ್ಲಿ ಎಲುಬು ಬಿಡಿಸಿ ಸರಳು ಕೂರಿಸಿದರು. ತಿಂಗಳುಗಟ್ಟಲೆ ಮಲಗಿದಳು, ಊರುಗೋಲು ಹಿಡಿದಳು, ಊರುಗೋಲು ಬಿಟ್ಟಳು. ಮೊದಲ ಸಲ ನೆಟ್ಟಗೆ ನಿಂತಾಗ ಹಾರವಾಡದ ತೆಂಗಿನ ಮರಗಳೆಲ್ಲ ಇಷ್ಟು ದಿನ ಓರೆಯಾಗಿದ್ದವು ಈಗ ಸರಿಯಾದವು ಎಂದು ಅವಳಿಗೆ ಅನಿಸಿತು. “ಮರ ಅಲ್ದೆ, ನೀನು,” ಎಂದಳು ದುರ್ಗಿ. ಹಾಗೆಂದು ಹೇಳಿ, ಹೊನ್ನುವಿನ ಗಿರಾಕಿಗಳ ಮನೆಗಳನ್ನು ಒಂದೂ ಬಿಡದೆ ಅವಳಿಗೆ ಹಿಂದಿರುಗಿಸಿ, ಒಲೆಯ ಹೊಗೆ ಬಂತೆಂದು ಕಣ್ಣು ಒರೆಸಿಕೊಂಡಳು. ಒಲೆ ಹಚ್ಚಿರಲಿಲ್ಲ.

ಬುಟ್ಟಿ ಮತ್ತೆ ತಲೆಗೇರಿದ ವಾರ ಹೊನ್ನು ಒಂದು ಇಸ್ವಣ ಮೀನು ಆರಿಸಿಟ್ಟಳು. ಅದು ಎಷ್ಟು ದೊಡ್ಡದಿತ್ತೆಂದರೆ ಬಸ್ಸಿನಲ್ಲಿ ಅದರ ತಲೆ ಕಾರವಾರ ಮುಟ್ಟಿದರೂ ಬಾಲ ಬಿಣಗಾದಲ್ಲೇ ಇತ್ತು. ಬಸ್ ಸ್ಟ್ಯಾಂಡಿನಿಂದ ಕೋರ್ಟಿನವರೆಗೆ ಬುಟ್ಟಿ ಹೊತ್ತು ನಡೆದೇ ಹೋದಳು. ಮಂದಾಕಿನಿ ಹೊರಗೆ ಬಂದು ಅವಳ ನಡಿಗೆಯನ್ನು ಗೇಟಿನಿಂದ ಮರದ ನೆರಳಿನವರೆಗೆ ಕಣ್ಣು ತುಂಬ ನೋಡಿದರು.

“ಇದು ನಿಮಗೆ ಬಾಯೋರೆ.”

“ಹೊನ್ನಕ್ಕ, ಇದು ಕಾನೂನು ಸೇವೆಯ ಕೆಲಸ. ನಿಮ್ಮಿಂದ ನಾನು ಒಂದು ಬೆಂಕಿಕಡ್ಡಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಮೇಲಾಗಿ ನಾನು ಮೀನು ತಿನ್ನುವುದಿಲ್ಲ.”

“ಯಾವತ್ತೂ?”

“ಯಾವತ್ತೂ ಇಲ್ಲ.”

ಹೊನ್ನು ತನ್ನ ಕಾಲಿಗೂ ಅಷ್ಟು ಮರುಗಿರಲಿಲ್ಲ. “ಪಾಪ,” ಎಂದಳು. ಆಮೇಲೆ ಮಂದಾಕಿನಿಯ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಅದಕ್ಕೆ ಅವರು ಬೇಡ ಅನ್ನಲಿಲ್ಲ.

ಆಗ ಕಂಪನಿಯ ಸಣಕಲು ವಕೀಲರು ಕರಿ ಕೋಟು ಹಾಕಿಕೊಂಡು ಅದೇ ದಾರಿಯಲ್ಲಿ ಬಂದರು. ಹೊನ್ನು ಬುಟ್ಟಿಯ ಎಲೆ ಸರಿಸಿ, ಇಸ್ವಣವನ್ನು ಎತ್ತಿ ಅವರ ಮುಂದೆ ಹಿಡಿದಳು.

“ನಾನು ನಿಮ್ಮ ವಿರುದ್ಧ ಇದ್ದವನಲ್ಲವೇನಮ್ಮ,” ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಗೊತ್ತದೆ ರಾ. ವಿರುದ್ಧ ಇದ್ಕಂಡೂ ಇವ್ಳು ಹೇಳೂದು ನಿಜ ಅಂತ ಕಂಪ್ನಿಗೆ ಬರೆದೋರು ನೀವು, ಬಾಯೋರು ಹೇಳಿದ್ರು. ಸುಮ್ನೆ ಎಳೆದಿದ್ರೆ ನಾ ಇನ್ನೂ ಕೋಲು ಹಿಡ್ಕಂಡೇ ಇರ್ತಿದ್ದೆ. ಕೇಸ್ ಮುಗ್ದದೆ, ಈಗ ತಕಂಡ್ರೆ ಅದು ಲಂಚ ಆಗೂದಿಲ್ಲ. ಮೀನು ತಿಂತ್ರ್ಯಾ?”

ವಕೀಲರು ಅತ್ತಿತ್ತ ನೋಡಿದರು. ಮಂದಾಕಿನಿ ಮರದ ಕೊಂಬೆಯಲ್ಲಿ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ಗಮನಿಸತೊಡಗಿದ್ದರು.

“ತಿನ್ನುತ್ತೇನೆ,” ಎಂದರು ಅವರು ತಗ್ಗಿದ ದನಿಯಲ್ಲಿ. “ತಾಜಾ ತಾನೇ?”

ಹೊನ್ನುವಿನ ಮುಖ ಕೆಂಪಾಯಿತು. “ಕಾಲಿನ ಮೇನೆ ಎಷ್ಟು ಬೇಕಾರೂ ಕೇಳಿದ್ರಿ, ಉತ್ರ ಹೇಳಿದೆ. ಮೀನಿನ ಮೇನೆ ಮಾತ್ರ ಅಡ್ಡಪ್ರಶ್ನೆ ಬ್ಯಾಡ ರಾ.”

ವಕೀಲರು ಇಸ್ವಣದ ಬಾಲ ಹಿಡಿದು, ಕೋಟಿಗೆ ತಗಲದಂತೆ ಕೈಯನ್ನು ದೂರ ಚಾಚಿಕೊಂಡು, ಮನೆಯ ದಾರಿ ಹಿಡಿದರು. ಹೊನ್ನು ಉಳಿದ ಬಂಗಡೆಯ ಮೇಲೆ ಎಲೆ ಮುಚ್ಚಿ, ಯಾರ ಕೈಯನ್ನೂ ಕಾಯದೆ ಬುಟ್ಟಿಯನ್ನು ತಾನೇ ಎತ್ತಿ ತಲೆಗಿಟ್ಟುಕೊಂಡು, ಪೇಟೆಯ ಕಡೆಗೆ ನಡೆದಳು. ಎಡಕ್ಕೆ ಒಂದು ಮೀನೂ ಜಾರಲಿಲ್ಲ.